ಟೊರಾಂಟೊ ಮೊದಲಿಂದಲೂ ಹೀಗೇ ಇತ್ತಾ? ಕೆನಡಾದ ನಗರಗಳು ಬದಲಾದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಊರಿಂದ ಅಪ್ಪ ಅಮ್ಮ ಬರಲಿ, ಅತ್ತೆ ಮಾವ ಬರಲಿ, ಏರ್‌ಪೋರ್ಟಿನಿಂದ ಮನೆಗೆ ಬರುವ ದಾರಿಯಲ್ಲೇ ಪ್ರಶ್ನೆಗಳು ಶುರುವಾಗುತ್ತವೆ. ಇಷ್ಟೊಂದು ಕ್ರೇನ್ ಯಾಕೆ? ಇಲ್ಲಿ ಮೊದಲು ಏನಿತ್ತು? ಹೊಸದಾಗಿ ಓದೋಕೆ ಬಂದ ಹುಡುಗರೂ ಇದನ್ನೇ ಕೇಳುತ್ತಾರೆ. ಹಳೆಯ ಫೋಟೊ ಹುಡುಕಿ, ಅದನ್ನು ತೆಗೆದ ಜಾಗಕ್ಕೇ ಹೋಗಿ ನಿಂತು ನೋಡುವುದು ನನ್ನ ಅಭ್ಯಾಸ. ಹಾಗಾಗಿ ಗೊತ್ತಿರುವಷ್ಟನ್ನು ಇಲ್ಲಿ ಒಂದು ಕಡೆ ಬರೆದಿದ್ದೇನೆ. ಟೊರಾಂಟೊ ಬಗ್ಗೆ ಜಾಸ್ತಿ ಇದೆ, ಯಾಕೆಂದರೆ ನಾನು ನಡೆದಾಡಿ ತಿಳಿದುಕೊಂಡ ಊರು ಅದು.

ಇಲ್ಲಿ ಎತ್ತರದ ಕಟ್ಟಡಗಳು ಶುರುವಾಗಿದ್ದು ಯಾವಾಗ?

1890ರ ದಶಕದ ತನಕ ಇಲ್ಲಿ ದೂರದಿಂದ ಕಾಣುತ್ತಿದ್ದದ್ದು ಬಹುಮಟ್ಟಿಗೆ ಚರ್ಚುಗಳ ಗೋಪುರ. 1899ರಲ್ಲಿ ಈಗ ಓಲ್ಡ್ ಸಿಟಿ ಹಾಲ್ ಅನ್ನುವ ಕಟ್ಟಡ ಮುಗಿಯಿತು. ಅದರ ಗಡಿಯಾರದ ಗೋಪುರ 103 ಮೀಟರ್. 1929ರಲ್ಲಿ ರೈಲ್ವೆ ನಿಲ್ದಾಣದ ಎದುರಿಗೆ ರಾಯಲ್ ಯಾರ್ಕ್ ಹೋಟೆಲ್ ಬಂತು. 1931ರಲ್ಲಿ ಬ್ಯಾಂಕ್ ಆಫ್ ಕಾಮರ್ಸ್ 34 ಮಹಡಿಯ, 145 ಮೀಟರ್ ಎತ್ತರದ ಕಟ್ಟಡ ಕಟ್ಟಿತು. ಆಗ ಇಡೀ ಬ್ರಿಟಿಷ್ ಸಾಮ್ರಾಜ್ಯದಲ್ಲೇ ಅಷ್ಟು ಎತ್ತರದ ಕಟ್ಟಡ ಇನ್ನೊಂದಿರಲಿಲ್ಲ.

ಆಮೇಲೆ 30 ವರ್ಷಕ್ಕೂ ಜಾಸ್ತಿ ಕಾಲ ಅದನ್ನು ಮೀರಿಸುವ ಕಟ್ಟಡ ಟೊರಾಂಟೊದಲ್ಲಿ ಏಳಲೇ ಇಲ್ಲ. ಮೊದಲು ಆರ್ಥಿಕ ಕುಸಿತ, ಅದರ ಬೆನ್ನಿಗೇ ಯುದ್ಧ, ಕಟ್ಟುವುದಕ್ಕೆ ಯಾರ ಕೈಯಲ್ಲೂ ದುಡ್ಡಿರಲಿಲ್ಲ. 1967ರಲ್ಲಿ ಮೀಸ್ ವಾನ್ ಡೆರ್ ರೋಹೆ ವಿನ್ಯಾಸ ಮಾಡಿದ ಟೊರಾಂಟೊ ಡೊಮಿನಿಯನ್ ಸೆಂಟರ್‌ನ ಕಪ್ಪು ಕಟ್ಟಡ ಎದ್ದಾಗ ಎಲ್ಲ ಬದಲಾಯಿತು. ಅದು 56 ಮಹಡಿ, 223 ಮೀಟರ್. ಎಂಟೇ ವರ್ಷದಲ್ಲಿ, 1975ಕ್ಕೆ, ಫಸ್ಟ್ ಕೆನೇಡಿಯನ್ ಪ್ಲೇಸ್ 298 ಮೀಟರ್ ಮುಟ್ಟಿತು. ಅದರಲ್ಲಿ 72 ಮಹಡಿ ಇವೆ.

ಕಿಂಗ್ ಮತ್ತು ಬೇ ರಸ್ತೆ ಸೇರುವ ಕಡೆ ನಿಂತು ಸುಮ್ನೆ ತಲೆ ಎತ್ತಿ ನೋಡಿ. ಒಂದೊಂದು ಬ್ಯಾಂಕಿಗೆ ಒಂದೊಂದು ಬಣ್ಣ. ಟೊರಾಂಟೊ ಡೊಮಿನಿಯನ್ ಕಪ್ಪು. ಕಾಮರ್ಸ್ ಕೋರ್ಟ್ ಸ್ಟೀಲಿನ ಬೆಳ್ಳಿ ಬಣ್ಣ. ಬ್ಯಾಂಕ್ ಆಫ್ ಮಾಂಟ್ರಿಯಲ್ ಇರುವ ಫಸ್ಟ್ ಕೆನೇಡಿಯನ್ ಪ್ಲೇಸ್ ಬಿಳಿ. ಸ್ಕೋಶಿಯಾ ಕೆಂಪು ಗ್ರಾನೈಟ್. ಸ್ವಲ್ಪ ಕೆಳಗೆ ಫ್ರಂಟ್ ಸ್ಟ್ರೀಟಿನಲ್ಲಿರುವ ರಾಯಲ್ ಬ್ಯಾಂಕಿನ ಕಿಟಕಿ ಗಾಜಿಗೆ ನಿಜವಾದ ಚಿನ್ನದ ತೆಳು ಲೇಪ ಇದೆ, ಸಂಜೆ ಬಿಸಿಲಿಗೆ ಇಡೀ ಕಟ್ಟಡ ಉರಿದ ಹಾಗೆ ಕಾಣುತ್ತದೆ. ನಮ್ಮ ಮನೆಗೆ ಬಂದವರಿಗೆಲ್ಲ ನಾನು ಮೊದಲು ತೋರಿಸುವುದು ಇದನ್ನೇ.

ಆ ಬಿಳಿ ಕಟ್ಟಡದ ಹಳೆಯ ಫೋಟೊ ಬೇರೆ ಥರ ಕಾಣುತ್ತಲ್ಲ?

ಹೌದು, ಸರಿಯಾಗಿ ಗಮನಿಸಿದ್ದೀರಿ. ಮೊದಲು ಅದಕ್ಕೆ ಹೊದಿಸಿದ್ದು ಇಟಲಿಯ ಕರಾರಾ ಅಮೃತಶಿಲೆ, ಸುಮಾರು 45,000 ಚಪ್ಪಡಿ. ತೆಳುವಾಗಿ ಕೊಯ್ದ ಅಮೃತಶಿಲೆ ಬಿಸಿಲು ಚಳಿಯ ಏರಿಳಿತಕ್ಕೆ ನಿಧಾನವಾಗಿ ಬಾಗುತ್ತದೆ. ಟೊರಾಂಟೊದ ಹವೆ ಗೊತ್ತಲ್ಲ. 2007ರಲ್ಲಿ ಒಂದು ಚಪ್ಪಡಿ ಮೇಲಿನ ಮಹಡಿಯಿಂದ ಕಳಚಿ ಬಿತ್ತು. ಆಮೇಲೆ ಎಲ್ಲವನ್ನೂ ತೆಗೆದು ಬಿಳಿ ಗಾಜು ಹಾಕಿದರು.

ಸಿಎನ್ ಟವರ್ ಕಟ್ಟಿದ್ದು ಪ್ರವಾಸಿಗರಿಗೆ ಅಂತನಾ?

ಅಲ್ಲ, ಟಿವಿಗೋಸ್ಕರ. ಮೇಲೆ ಹೇಳಿದ ಬ್ಯಾಂಕ್ ಕಟ್ಟಡಗಳು ಎದ್ದ ಮೇಲೆ ಟಿವಿ ಸಿಗ್ನಲ್ ಅವುಗಳಿಗೆ ಬಡಿದು ಮನೆಗಳಲ್ಲಿ ಚಿತ್ರ ಕದಡುತ್ತಿತ್ತು. ಎಲ್ಲ ಕಟ್ಟಡಗಳಿಗಿಂತ ಮೇಲೆ ಆಂಟೆನಾ ಬೇಕಾಯಿತು. ಕೆನೇಡಿಯನ್ ನ್ಯಾಷನಲ್ ರೈಲ್ವೆ ಕಂಪನಿ 1973ರಲ್ಲಿ ಕೆಲಸ ಶುರು ಮಾಡಿತು. ಕಾಂಕ್ರೀಟ್ ಸುರಿಯುವ ಅಚ್ಚನ್ನು ಜ್ಯಾಕ್ ಕೊಟ್ಟು ಮೇಲಕ್ಕೆ ಏರಿಸುತ್ತಾ ಹಗಲು ರಾತ್ರಿ ಕಟ್ಟಿದರು, ದಿನಕ್ಕೆ ಸುಮಾರು 6 ಮೀಟರ್ ಏರುತ್ತಿತ್ತು. ತುದಿಯ ಆಂಟೆನಾ ತುಂಡುಗಳನ್ನು ಹೆಲಿಕಾಪ್ಟರಿನಲ್ಲಿ ಎತ್ತಿ ಕೂರಿಸಿದರು. 1976ರಲ್ಲಿ ಜನರಿಗೆ ತೆರೆದರು. ಎತ್ತರ 553 ಮೀಟರ್. 2007ರಲ್ಲಿ ದುಬೈನ ಬುರ್ಜ್ ಖಲೀಫಾ ಮೀರಿಸುವ ತನಕ ಯಾವ ಆಸರೆಯೂ ಇಲ್ಲದೆ ನಿಂತ ರಚನೆಗಳಲ್ಲಿ ಜಗತ್ತಿನಲ್ಲೇ ಎತ್ತರದ್ದು ಇದೇ ಆಗಿತ್ತು.

ಇದರ ಹಿಂದೆ ಇನ್ನೊಂದು ಸಂಗತಿ ಇದೆ, ಅದು ಜಾಸ್ತಿ ಜನರಿಗೆ ಗೊತ್ತಿಲ್ಲ. ಈ ಟವರ್ ಮೆಟ್ರೊ ಸೆಂಟರ್ ಅನ್ನುವ ಭಾರಿ ಯೋಜನೆಯ ಒಂದು ಭಾಗ. ರೈಲ್ವೆ ಯಾರ್ಡ್ ಪೂರ್ತಿ ಕಿತ್ತು ಕಚೇರಿ, ಮನೆ, ಅಂಗಡಿ ಕಟ್ಟಬೇಕು, ಅದಕ್ಕಾಗಿ ಯೂನಿಯನ್ ಸ್ಟೇಷನ್ ಕಟ್ಟಡವನ್ನೂ ಕೆಡವಬೇಕು ಅಂತ ಇತ್ತು. 1927ರಲ್ಲಿ ತೆರೆದ ಆ ನಿಲ್ದಾಣದ ಒಳಗೆ ಒಮ್ಮೆ ನಿಂತು ನೋಡಿದವರು ಅದನ್ನು ಕೆಡವಲು ಹೇಗೆ ಮನಸ್ಸು ಬಂತು ಅಂತ ಕೇಳದೇ ಇರೋದಿಲ್ಲ. ಜನ ವಿರೋಧಿಸಿದರು, ಯೋಜನೆ ನಿಂತಿತು. ಅದರಲ್ಲಿ ಎದ್ದಿದ್ದು ಟವರ್ ಒಂದೇ.

ಫ್ರಂಟ್ ಸ್ಟ್ರೀಟ್ ಅಂತಾರೆ, ಯಾವುದರ ಮುಂದೆ?

ಸರೋವರದ ಮುಂದೆ! ಒಂಟಾರಿಯೊ ಸರೋವರದ ದಡ ಮೊದಲು ಅಲ್ಲೇ ಇತ್ತು. 1793ರಲ್ಲಿ ಯಾರ್ಕ್ ಅನ್ನುವ ಹೆಸರಲ್ಲಿ ಊರು ಶುರುವಾದಾಗ ಅಲೆ ಬಂದು ಬಡಿಯುತ್ತಿದ್ದದ್ದು ಆ ರಸ್ತೆಯ ಪಕ್ಕದಲ್ಲಿ. 1850ರ ದಶಕದಲ್ಲಿ ರೈಲು ಬಂದಾಗ ಹಳಿಗೆ ಜಾಗ ಬೇಕಾಗಿ ನೀರಿಗೆ ಮಣ್ಣು ತುಂಬಲು ಶುರು ಮಾಡಿದರು. ಹಡಗುಕಟ್ಟೆಗೆ, ಗೋದಾಮಿಗೆ ಅಂತ ಮತ್ತೆ ಮತ್ತೆ ತುಂಬಿದರು. ಈಗ ಫ್ರಂಟ್ ಸ್ಟ್ರೀಟಿನಿಂದ ನೀರಿಗೆ ಹೋಗಲು ಒಳ್ಳೆ ಹತ್ತು ನಿಮಿಷ ನಡೆಯಬೇಕು. ಸಿಎನ್ ಟವರ್ ನಿಂತಿರುವುದು, ಐಸ್ ಹಾಕಿ ಸ್ಟೇಡಿಯಂ ಇರುವುದು ಎಲ್ಲ ಹಾಗೆ ತುಂಬಿದ ಜಾಗದಲ್ಲಿ. ಸರೋವರದ ಅಂಚಿನಲ್ಲಿ ಕಟ್ಟಿದ ಫೋರ್ಟ್ ಯಾರ್ಕ್ ಕೋಟೆಯ ಪಕ್ಕದಲ್ಲೇ ಈಗ ಗಾರ್ಡಿನರ್ ಎಕ್ಸ್‌ಪ್ರೆಸ್‌ವೇ ಫ್ಲೈಓವರ್ ಹಾದುಹೋಗುತ್ತದೆ, ನೀರು ಎಲ್ಲೋ ದೂರ.

ಬೆಂಕಿ ಬಿದ್ದು ಊರೇ ಸುಟ್ಟಿತ್ತು ಅಂತ ಕೇಳಿದ್ದೇವೆ, ನಿಜನಾ?

ಊರು ಪೂರ್ತಿ ಅಲ್ಲ, ವ್ಯಾಪಾರದ ಭಾಗ. 1904ರ ಏಪ್ರಿಲ್ 19ರ ರಾತ್ರಿ ವೆಲಿಂಗ್ಟನ್ ಸ್ಟ್ರೀಟಿನಲ್ಲಿ ಹೊತ್ತಿಕೊಂಡ ಬೆಂಕಿಗೆ 100ಕ್ಕೂ ಜಾಸ್ತಿ ಕಟ್ಟಡ ಹೋದವು. ಸುಮಾರು 5,000 ಜನ ಕೆಲಸ ಕಳೆದುಕೊಂಡರು. ಸುಟ್ಟ ಜಾಗದ ಒಂದು ಭಾಗ ಎಷ್ಟೋ ವರ್ಷ ಖಾಲಿ ಬಿದ್ದಿತ್ತು, ಯೂನಿಯನ್ ಸ್ಟೇಷನ್ ಎದ್ದದ್ದು ಅಲ್ಲೇ.

ಕೆನಡಾದ ತುಂಬಾ ನಗರಗಳ ರೂಪ ತಿದ್ದಿದ್ದು ಬೆಂಕಿಯೇ. ವ್ಯಾಂಕೂವರ್ 1886ರ ಏಪ್ರಿಲ್‌ನಲ್ಲಿ ನಗರ ಅನ್ನಿಸಿಕೊಂಡಿತು, ಜೂನ್‌ನಲ್ಲಿ ಸುಟ್ಟುಹೋಯಿತು. ಅದೇ ವರ್ಷ ಕ್ಯಾಲ್ಗರಿಯಲ್ಲೂ ಬೆಂಕಿ ಬಿತ್ತು. ಆಮೇಲೆ ಅಲ್ಲಿನವರು ಮರ ಬಿಟ್ಟು ಮರಳುಗಲ್ಲಿನಲ್ಲಿ ಕಟ್ಟಿದರು, ಅದಕ್ಕೇ ಕ್ಯಾಲ್ಗರಿಗೆ ಮರಳುಗಲ್ಲಿನ ನಗರ ಅನ್ನುವ ಹೆಸರು ಬಂತು.

ಈಗಿನ ಸಿಟಿ ಹಾಲ್ ಜಾಗದಲ್ಲಿ ಮೊದಲು ಏನಿತ್ತು?

ಮನೆಗಳಿದ್ದವು. ಈ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರ ಬರೆಯುತ್ತೇನೆ.

ಎದುರುಬದುರು ಬಾಗಿದ ಎರಡು ಕಟ್ಟಡ, ನಡುವೆ ತಟ್ಟೆಯಂಥ ಸಭಾಂಗಣ, ಮುಂದೆ ಚಳಿಗಾಲದಲ್ಲಿ ಸ್ಕೇಟಿಂಗ್ ಆಡುವ ಕೊಳ. ಫಿನ್ಲೆಂಡಿನ ವಿಲ್ಯೊ ರೆವೆಲ್ ಇದರ ವಿನ್ಯಾಸಕಾರ. 42 ದೇಶಗಳಿಂದ 500ಕ್ಕೂ ಜಾಸ್ತಿ ವಿನ್ಯಾಸ ಬಂದಿದ್ದ ಸ್ಪರ್ಧೆಯಲ್ಲಿ 1958ರಲ್ಲಿ ಗೆದ್ದವರು ಅವರು. 1965ರಲ್ಲಿ ಕಟ್ಟಡ ತೆರೆಯುವಾಗ ಅವರು ಇರಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು. ನನಗೆ ಈ ಕಟ್ಟಡ ತುಂಬಾ ಇಷ್ಟ.

ಆದರೆ ಆ ಜಾಗದ ಹೆಸರು ದಿ ವಾರ್ಡ್ ಅಂತ ಇತ್ತು. ಕೈಯಲ್ಲಿ ಕಾಸಿಲ್ಲದೆ ಬಂದವರು ಮೊದಲು ನೆಲೆ ನಿಂತದ್ದು ಅಲ್ಲಿ. ಅಮೆರಿಕದ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಕಪ್ಪು ಜನ, ಬರಗಾಲಕ್ಕೆ ಊರು ಬಿಟ್ಟ ಐರಿಷ್ ಜನ, ಯಹೂದಿಗಳು, ಇಟಲಿಯವರು, ಆಮೇಲೆ ಚೀನಾದವರು. ನಗರದ ಮೊದಲ ಅಧಿಕೃತ ಫೋಟೊಗ್ರಾಫರ್ ಆರ್ಥರ್ ಗಾಸ್ 1910ರ ದಶಕದಲ್ಲಿ ಅಲ್ಲಿ ತೆಗೆದ ಫೋಟೊಗಳಿವೆ, ನೋಡಿ. ಒರಗಿಕೊಂಡ ಮರದ ಮನೆಗಳು, ಹಿತ್ತಲಲ್ಲಿ ಒಂದೇ ನಲ್ಲಿ, ಕ್ಯಾಮೆರಾ ಕಡೆ ದಿಟ್ಟಿಸುವ ಮಕ್ಕಳು. ಆರೋಗ್ಯ ಇಲಾಖೆಗೆ ಈ ಬಡಾವಣೆ ಎಷ್ಟು ಕೆಟ್ಟದು ಅಂತ ತೋರಿಸಲು ತೆಗೆದ ಚಿತ್ರಗಳವು, ಈಗ ಅಲ್ಲಿ ಬದುಕಿದವರ ಬಗ್ಗೆ ಉಳಿದಿರುವ ಗುರುತೂ ಅವೇ.

ಸಿಟಿ ಹಾಲ್‌ಗೆ, ಅದರ ಮುಂದಿನ ಚೌಕಕ್ಕೆ ಅಂತ ಚೈನಾಟೌನಿನ ಹೆಚ್ಚುಪಾಲು ಕೆಡವಿದರು. ಉಳಿದದ್ದನ್ನೂ ತೆಗೆಯಬೇಕು ಅಂತ ಹೊರಟಾಗ ರೆಸ್ಟೊರೆಂಟ್ ನಡೆಸುತ್ತಿದ್ದ ಜೀನ್ ಲಂಬ್ ಜನರನ್ನು ಸೇರಿಸಿ ಹೋರಾಡಿ ನಿಲ್ಲಿಸಿದರು. ಡಂಡಾಸ್ ಸ್ಟ್ರೀಟಿನಲ್ಲಿ ಒಂದು ತುಣುಕು ಉಳಿಯಿತು. ಹೆಚ್ಚಿನವರು ಪಶ್ಚಿಮಕ್ಕೆ ಸ್ಪಡೈನಾ ಕಡೆ ಹೋದರು, ಈಗ ನಾವು ಚೈನಾಟೌನ್ ಅನ್ನುವುದು ಅದನ್ನೇ. ಆ ಚೌಕದಲ್ಲಿ ಕೂತು ಐಸ್‌ಕ್ರೀಮ್ ತಿನ್ನುವಾಗ ಇದನ್ನು ಮಕ್ಕಳಿಗೆ ಹೇಳಿ ಅಂತ ನಾನು ಎಲ್ಲರಿಗೂ ಕೇಳಿಕೊಳ್ಳುತ್ತೇನೆ.

ಹೊಸದು ಬಂದ ಮೇಲೆ ಓಲ್ಡ್ ಸಿಟಿ ಹಾಲನ್ನೂ ಕೆಡವಿ ಗಡಿಯಾರದ ಗೋಪುರ ಮಾತ್ರ ಬಿಡುವ ಯೋಜನೆ ಬಂದಿತ್ತು, ಪಕ್ಕದಲ್ಲಿ ದೊಡ್ಡ ಶಾಪಿಂಗ್ ಸೆಂಟರ್ ಕಟ್ಟೋಕೆ. ಜನ ಸುಮ್ಮನಿರಲಿಲ್ಲ. ಕಟ್ಟಡ ಉಳಿಯಿತು.

ಬೇರೆ ಊರುಗಳಲ್ಲಿ ಇಲ್ಲದ ಟ್ರಾಮ್ ಟೊರಾಂಟೊದಲ್ಲಿ ಹೇಗೆ ಉಳಿಯಿತು?

ಇಲ್ಲಿ ಅದಕ್ಕೆ ಸ್ಟ್ರೀಟ್‌ಕಾರ್ ಅನ್ನುತ್ತಾರೆ. 1861ರಲ್ಲಿ ಕುದುರೆ ಎಳೆಯುವ ಗಾಡಿಯಾಗಿ ಶುರುವಾಯಿತು, 1892ರಲ್ಲಿ ಕರೆಂಟ್ ಬಂತು. ಒಂದು ಕಾಲದಲ್ಲಿ ಕೆನಡಾದ ಎಲ್ಲ ದೊಡ್ಡ ಊರುಗಳಲ್ಲೂ ಇತ್ತು. ಕಾರು ಬಂದ ಮೇಲೆ ಒಂದೊಂದೇ ಊರು ಹಳಿ ಕಿತ್ತಿತು. ಕ್ಯಾಲ್ಗರಿ 1950, ವ್ಯಾಂಕೂವರ್ 1955, ಮಾಂಟ್ರಿಯಲ್ ಮತ್ತು ಒಟ್ಟಾವಾ 1959. ಟೊರಾಂಟೊ 1954ರಲ್ಲಿ ದೇಶದ ಮೊದಲ ಸಬ್‌ವೇ ತೆರೆದಿತ್ತು, ಇನ್ನು ಸ್ಟ್ರೀಟ್‌ಕಾರ್ ಯಾಕೆ, 1980ರೊಳಗೆ ಎಲ್ಲ ತೆಗೆಯೋಣ ಅಂತ ಅಧಿಕಾರಿಗಳು ನಿರ್ಧರಿಸಿದ್ದರು. 1972ರಲ್ಲಿ ನಾಗರಿಕರ ಒಂದು ಗುಂಪು ಲೆಕ್ಕ ಹಾಕಿ, ಬಸ್ಸಿಗಿಂತ ಇದು ಜಾಸ್ತಿ ಜನರನ್ನು ಒಯ್ಯುತ್ತದೆ ಅಂತ ವಾದ ಮಾಡಿ ಆ ತೀರ್ಮಾನ ಬದಲಿಸಿತು. 2017ರಲ್ಲಿ ಕಿಂಗ್ ಸ್ಟ್ರೀಟಿನ ಡೌನ್‌ಟೌನ್ ಭಾಗದಲ್ಲಿ ಕಾರುಗಳು ನೇರ ಹೋಗದಂತೆ ಮಾಡಿ ಸ್ಟ್ರೀಟ್‌ಕಾರಿಗೆ ದಾರಿ ಬಿಟ್ಟರು. ಅಲ್ಲಿ ಪೊಲೀಸರು ಕಟ್ಟುನಿಟ್ಟಾಗಿ ನೋಡಿಕೊಂಡಾಗ ಚೆನ್ನಾಗಿ ನಡೆಯುತ್ತದೆ, ಇಲ್ಲದಿದ್ದರೆ ಇಲ್ಲ.

ಹೆದ್ದಾರಿಗಳು ಊರಿನ ನಡುವೆ ಯಾಕೆ ಹಾದುಹೋಗಿಲ್ಲ?

ಗಾರ್ಡಿನರ್ ಹಾದುಹೋಗಿದೆ. ಅದರ ಜೊತೆಗೆ ಸ್ಪಡೈನಾ ಎಕ್ಸ್‌ಪ್ರೆಸ್‌ವೇ ಅಂತ ಇನ್ನೊಂದು ಬರಬೇಕಿತ್ತು. ಉತ್ತರದಿಂದ ಶುರು ಮಾಡಿ, ಹಳೆಯ ಮರಗಳ ಬಡಾವಣೆಗಳನ್ನು ಸೀಳಿಕೊಂಡು ಡೌನ್‌ಟೌನ್ ತನಕ. ಕೆಲಸ ಶುರುವೂ ಆಗಿತ್ತು. ನ್ಯೂಯಾರ್ಕಿನಿಂದ 1968ರಲ್ಲಿ ಇಲ್ಲಿಗೆ ಬಂದು ನೆಲೆಸಿದ್ದ, ನಗರಗಳ ಬಗ್ಗೆ ಬರೆಯುತ್ತಿದ್ದ ಲೇಖಕಿ ಜೇನ್ ಜೇಕಬ್ಸ್ ಸೇರಿದಂತೆ ಆ ಬೀದಿಗಳ ಜನ ಎದ್ದು ನಿಂತರು. 1971ರ ಜೂನ್‌ನಲ್ಲಿ ಪ್ರಾಂತ್ಯದ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ) ಬಿಲ್ ಡೇವಿಸ್ ಅದನ್ನು ರದ್ದು ಮಾಡಿದರು. ಎಗ್ಲಿಂಟನ್ ಹತ್ತಿರ ಥಟ್ಟನೆ ನಿಂತುಹೋಗುವ ಆಲನ್ ರೋಡ್ ಆ ಯೋಜನೆಯ ಅರ್ಧಕ್ಕೆ ನಿಂತ ತುಂಡು.

ವ್ಯಾಂಕೂವರಿನಲ್ಲೂ ಇದೇ ಆಯಿತು. ಚೈನಾಟೌನ್ ಮತ್ತು ಸ್ಟ್ರಾತ್‌ಕೋನಾ ಜನ 1960ರ ದಶಕದ ಕೊನೆಯಲ್ಲಿ ಹೋರಾಡಿ ಹೆದ್ದಾರಿ ತಡೆದರು. ಆದರೆ ಅಷ್ಟರಲ್ಲಿ ಹೋಗನ್ಸ್ ಆ್ಯಲಿ ಅನ್ನುವ ಕಪ್ಪು ಜನರ ಬೀದಿಯ ಬಹುಭಾಗ ಮೇಲ್ಸೇತುವೆಗಾಗಿ ನೆಲಸಮವಾಯಿತು. ಹ್ಯಾಲಿಫ್ಯಾಕ್ಸಿನಲ್ಲಿ ಆಫ್ರಿಕ್‌ವಿಲ್ ಅನ್ನುವ ಕಪ್ಪು ಜನರ ಊರನ್ನೇ 1960ರ ದಶಕದಲ್ಲಿ ಕೆಡವಿದರು. ಎಲ್ಲ ಕಡೆ ದನಿ ಕಡಿಮೆ ಇದ್ದವರ ಮನೆಗಳೇ ಮೊದಲು ಹೋದವು. ಇದನ್ನು ಬಿಟ್ಟು ಬರೀ ಕಟ್ಟಡದ ಚೆಂದ ಹೇಳೋಕೆ ನನಗೆ ಆಗೋದಿಲ್ಲ.

ಮಾಂಟ್ರಿಯಲ್‌ನಲ್ಲಿ ಟೊರಾಂಟೊದಷ್ಟು ಎತ್ತರದ ಕಟ್ಟಡ ಯಾಕಿಲ್ಲ?

ಊರ ನಡುವಿನ ಮೌಂಟ್ ರಾಯಲ್ ಬೆಟ್ಟಕ್ಕಿಂತ ಯಾವ ಕಟ್ಟಡದ ತಲೆಯೂ ಮೇಲೆ ಹೋಗಬಾರದು ಅಂತ ನಿಯಮ. ಬೆಟ್ಟದ ತುದಿ ಸಮುದ್ರಮಟ್ಟದಿಂದ ಸುಮಾರು 233 ಮೀಟರ್. ಎಷ್ಟು ಒಳ್ಳೆ ನಿಯಮ ಅಲ್ವಾ! 1962ರಲ್ಲಿ ಬಂದ ಪ್ಲಾಸ್ ವಿಲ್ ಮರಿ 188 ಮೀಟರ್. ಅದರ ಕೆಳಗಿನ ಅಂಗಡಿ ಸಾಲಿನಿಂದಲೇ ಅಲ್ಲಿನ ನೆಲದಡಿಯ ನಗರ ಬೆಳೆಯಿತು. 1966ರಲ್ಲಿ ಮೆಟ್ರೊ, ಮರುವರ್ಷ ಎಕ್ಸ್‌ಪೊ 67 ಅನ್ನುವ ಜಾಗತಿಕ ಮೇಳ. ಬೀದಿಗಳಲ್ಲಿ ಮನೆಯ ಹೊರಗೇ ಸುತ್ತಿಕೊಂಡು ಏರುವ ಕಬ್ಬಿಣದ ಮೆಟ್ಟಿಲು ಮಾತ್ರ ಇವತ್ತಿಗೂ ಹಾಗೇ ಇವೆ, ಹಿಮದಲ್ಲಿ ಹತ್ತುವಾಗ ಹುಷಾರು.

ವ್ಯಾಂಕೂವರ್?

ಅಲ್ಲೂ ಬೆಟ್ಟಕ್ಕೇ ಮರ್ಯಾದೆ. 1989ರಿಂದ ಕೆಲವು ಜಾಗಗಳಿಂದ ಬೆಟ್ಟ ಕಾಣುವ ನೋಟಕ್ಕೆ ಅಡ್ಡ ಕಟ್ಟುವಂತಿಲ್ಲ. ಎಕ್ಸ್‌ಪೊ 86 ನಡೆದ ಜಾಗ ಆಮೇಲೆ ಗಾಜಿನ ವಸತಿ ಕಟ್ಟಡಗಳಾಯಿತು. ಕೆಳಗೆ ಮೂರು ನಾಲ್ಕು ಮಹಡಿಯ ಮನೆ ಅಂಗಡಿಗಳ ಸಾಲು, ಮೇಲೆ ಸಣಕಲು ಗೋಪುರ. ಈ ಮಾದರಿಯನ್ನು ಈಗ ಬೇರೆ ಊರುಗಳೂ ಅನುಸರಿಸುತ್ತವೆ.

ಚಳಿಯ ಊರುಗಳಲ್ಲಿ ಜನ ಬೀದಿಯಲ್ಲಿ ನಡೆಯುತ್ತಾರಾ?

ಕ್ಯಾಲ್ಗರಿಯಲ್ಲಿ 1970ರಿಂದ ಕಟ್ಟಡದಿಂದ ಕಟ್ಟಡಕ್ಕೆ ಗಾಜಿನ ಸೇತುವೆ ಹಾಕಿದ್ದಾರೆ. ರಸ್ತೆಯಿಂದ 15 ಅಡಿ ಮೇಲೆ, ಅದಕ್ಕೇ ಹೆಸರು ಪ್ಲಸ್ ಫಿಫ್ಟೀನ್. ಟೊರಾಂಟೊದಲ್ಲಿ ಪಾತ್ ಅನ್ನುವ ನೆಲದಡಿಯ ನಡೆದಾರಿಗಳ ಜಾಲ 30 ಕಿ.ಮೀ. ಇದೆ. ಬೆಚ್ಚಗಿರುತ್ತದೆ ನಿಜ, ಆದರೆ ಮೇಲಿನ ಬೀದಿಯ ಕಳೆ ಹೋಗುತ್ತದೆ.

ವಿನಿಪೆಗ್‌ನ ಕತೆ ಕೇಳಿ. ಪೋರ್ಟೇಜ್ ಮತ್ತು ಮೇನ್ ಅನ್ನುವ ಹೆಸರಾಂತ ವೃತ್ತದಲ್ಲಿ 1979ರಲ್ಲಿ ಕಾಂಕ್ರೀಟ್ ಗೋಡೆ ಕಟ್ಟಿ, ನಡೆಯುವವರೆಲ್ಲ ನೆಲದಡಿಯ ಅಂಗಡಿಗಳ ಮೂಲಕವೇ ದಾಟಬೇಕು ಅಂತ ಮಾಡಿದರು. 2018ರಲ್ಲಿ ಜನರ ಮತ ಕೇಳಿದಾಗ ಹೆಚ್ಚಿನವರು ಗೋಡೆ ಇರಲಿ ಅಂದರು. ಆಮೇಲೆ ನೆಲದಡಿ ನೀರು ಸೋರುವುದನ್ನು ಸರಿಮಾಡಲು ತುಂಬಾ ಖರ್ಚು ಅಂತ ಗೊತ್ತಾಯಿತು. 2025ರ ಜೂನ್‌ನಲ್ಲಿ ಗೋಡೆ ಹೋಯಿತು, 46 ವರ್ಷದ ನಂತರ ಜನ ರಸ್ತೆಯ ಮೇಲೆಯೇ ನಡೆದು ದಾಟಿದರು.

ನಮ್ಮ ಜನ ಬಂದ ಮೇಲೆ ಬೀದಿಗಳು ಬದಲಾದವಾ?

ಖಂಡಿತ. ಟೊರಾಂಟೊದ ಜೆರಾರ್ಡ್ ಸ್ಟ್ರೀಟಿನಲ್ಲಿ 1972ರಲ್ಲಿ ನಾಜ್ ಥಿಯೇಟರ್ ತೆರೆದು ಭಾರತದ ಸಿನಿಮಾ ಹಾಕತೊಡಗಿದರು. ಸಿನಿಮಾಕ್ಕೆ ಬಂದವರಿಗೆ ತಿಂಡಿ ಬೇಕು, ಸೀರೆ ಬೇಕು, ಕ್ಯಾಸೆಟ್ ಬೇಕು. ಹೀಗೆ ಒಂದು ಬೀದಿಯೇ ಇಂಡಿಯಾ ಬಜಾರ್ ಆಯಿತು. ಈಗ ನಮ್ಮವರು ಹೆಚ್ಚಾಗಿ ಮಿಸ್ಸಿಸಾಗಾ, ಬ್ರ್ಯಾಂಪ್ಟನ್ ಕಡೆ ಇರುವುದರಿಂದ ಆ ಬೀದಿಯಲ್ಲಿ ಮೊದಲಿನ ಗಲಾಟೆ ಇಲ್ಲ.

ಇನ್ನೊಂದು, 1960ರ ದಶಕದ ಕಾಂಕ್ರೀಟ್ ಅಪಾರ್ಟ್‌ಮೆಂಟ್‌ಗಳು. ಸೇಂಟ್ ಜೇಮ್ಸ್ ಟೌನ್ ಕಟ್ಟಿದ್ದು ಮದುವೆಯಾಗದ ಕೆಲಸಗಾರ ಯುವಕರಿಗೆ ಅಂತ. ಥಾರ್ನ್‌ಕ್ಲಿಫ್ ಪಾರ್ಕ್ ಎದ್ದದ್ದು ಹಳೆಯ ಕುದುರೆ ರೇಸ್ ಮೈದಾನದಲ್ಲಿ. ಈಗ ಅಲ್ಲಿ ಹೊರದೇಶಗಳಿಂದ ಬಂದ ಸಂಸಾರಗಳೇ ತುಂಬಿವೆ. ಇವುಗಳನ್ನು ಯಾರೂ ಫೋಟೊ ತೆಗೆಯುವುದಿಲ್ಲ. ಆದರೆ ನನ್ನ ಪ್ರಕಾರ ಈ ಊರಿಗೆ ಸಿಎನ್ ಟವರಿಗಿಂತ ಜಾಸ್ತಿ ಉಪಕಾರ ಮಾಡಿದ ಕಟ್ಟಡಗಳು ಇವೇ.

ಗಾಜಿನ ಕಾಂಡೊ (ಎತ್ತರದ ಫ್ಲ್ಯಾಟ್ ಕಟ್ಟಡ) ಪಕ್ಕದಲ್ಲೇ ಎರಡಂತಸ್ತಿನ ಮನೆ, ಯಾಕೆ ಹೀಗೆ?

ನಗರದ ಬಹುಪಾಲು ವಸತಿ ಜಾಗದಲ್ಲಿ ಹಲವು ದಶಕ ಒಂಟಿ ಮನೆ ಬಿಟ್ಟು ಬೇರೆ ಕಟ್ಟಲು ಅನುಮತಿ ಸಿಗುವುದೇ ಕಷ್ಟವಿತ್ತು. ಸುತ್ತ 2005ರಿಂದ ಗ್ರೀನ್‌ಬೆಲ್ಟ್, ಅಲ್ಲಿ ಹೊಲ ಕಾಡು ಕಡಿದು ಹರಡುವಂತಿಲ್ಲ. ಹಾಗಾಗಿ ಅನುಮತಿ ಇದ್ದ ಮುಖ್ಯ ರಸ್ತೆ, ಸಬ್‌ವೇ ನಿಲ್ದಾಣದ ಹತ್ತಿರ ಎಲ್ಲ ಎತ್ತರಕ್ಕೇ ಹೋಯಿತು. 2023ರಲ್ಲಿ ಊರಿನ ಎಲ್ಲ ಕಡೆ ನಾಲ್ಕು ಮನೆಯ ಕಟ್ಟಡಕ್ಕೆ ಒಪ್ಪಿಗೆ ಕೊಟ್ಟರು. ಇದನ್ನು 40 ವರ್ಷ ಮೊದಲೇ ಮಾಡಬೇಕಿತ್ತು. ಬಾಡಿಗೆ ಕಟ್ಟುವ ನಮಗೆಲ್ಲ ಅದರ ಬೆಲೆ ಗೊತ್ತು.

ಅಪ್ಪ ಅಮ್ಮನಿಗೆ ಜಾಸ್ತಿ ನಡೆಯೋಕೆ ಆಗಲ್ಲ, ಎಲ್ಲಿಂದ ತೋರಿಸಲಿ?

ರಿವರ್‌ಡೇಲ್ ಪಾರ್ಕ್, ಬ್ರಾಡ್‌ವ್ಯೂ ರಸ್ತೆಯ ಕಡೆಯಿಂದ. ಸ್ಟ್ರೀಟ್‌ಕಾರ್ ಇಳಿದರೆ ಪಾರ್ಕೇ, ಅಲ್ಲೇ ಕೂತು ಸೂರ್ಯ ಮುಳುಗುವಾಗ ಇಡೀ ಊರು ನೋಡಬಹುದು. ಫ್ಲಾಸ್ಕಿನಲ್ಲಿ ಕಾಫಿ ಒಯ್ಯಿರಿ. ಇನ್ನೊಂದು ದಿನ ಐಲೆಂಡ್‌ಗೆ ಹೋಗುವ ಫೆರ್ರಿ, ಹಿಂತಿರುಗುವಾಗ ಮುಂಭಾಗದಲ್ಲಿ ನಿಲ್ಲಿ.

ಕೆಡವಿದ ಕಟ್ಟಡಗಳೆಲ್ಲ ಎಲ್ಲಿಗೆ ಹೋದವು?

ಇದನ್ನು ಕೇಳುವವರು ಕಡಿಮೆ, ನನಗೆ ಅತಿ ಇಷ್ಟದ ಪ್ರಶ್ನೆ ಇದು. ಟೊರಾಂಟೊದ ಹಳೆಯ ಕೆಂಪು ಕಟ್ಟಡಗಳ ಎಷ್ಟೋ ಇಟ್ಟಿಗೆ ಬಂದದ್ದು ಡಾನ್ ಕಣಿವೆಯ ಬ್ರಿಕ್ ವರ್ಕ್ಸ್‌ನಿಂದ. ಅಲ್ಲೇ ಜೇಡಿಮಣ್ಣು ಅಗೆದು ಅಲ್ಲೇ ಸುಡುತ್ತಿದ್ದರು. ಈಗ ಆ ಗುಂಡಿ ಕೊಳವಾಗಿದೆ, ಬಾತುಕೋಳಿಗಳಿವೆ.

ಆ ಹಳೆಯ ಕಟ್ಟಡಗಳನ್ನು ಕೆಡವಿದಾಗ, ಸಬ್‌ವೇ ಮತ್ತು ಕಟ್ಟಡಗಳಿಗೆ ಪಾಯ ತೋಡಿದಾಗ ಬಂದ ಮಣ್ಣು, ಇಟ್ಟಿಗೆ, ಕಾಂಕ್ರೀಟನ್ನು 1950ರ ದಶಕದ ಕೊನೆಯಿಂದ ಲಾರಿಗಳಲ್ಲಿ ತಂದು ಸರೋವರಕ್ಕೆ ಸುರಿದರು. ಅದು ಬೆಳೆದು ಬೆಳೆದು ಸುಮಾರು 5 ಕಿ.ಮೀ. ಉದ್ದದ ನೆಲದ ನಾಲಿಗೆಯಾಯಿತು. ಹೆಸರು ಲೆಸ್ಲಿ ಸ್ಟ್ರೀಟ್ ಸ್ಪಿಟ್. ಗಾಳಿಯಲ್ಲಿ ಬಂದ ಬೀಜ ಮೊಳೆತು ಕಾಡಾಯಿತು, ಹಕ್ಕಿಗಳು ಗೂಡು ಕಟ್ಟಿದವು. ವಾರದ ದಿನ ಹಗಲು ಲಾರಿ ಓಡಾಡುವುದರಿಂದ ಸಂಜೆ 4ರ ನಂತರ ಅಥವಾ ಶನಿವಾರ ಭಾನುವಾರ ಹೋಗಬೇಕು. ದಡಕ್ಕೆ ಇಳಿದರೆ ಅಲೆಗೆ ಉರುಳಿ ಉರುಳಿ ಅಂಚು ಸವೆದು ಮೊಟ್ಟೆಯ ಹಾಗೆ ನುಣ್ಣಗಾದ ಇಟ್ಟಿಗೆ ಸಿಗುತ್ತವೆ. ಕೆಲವದರ ಮೇಲೆ ಭಟ್ಟಿಯ ಹೆಸರಿನ ಒಂದೆರಡು ಅಕ್ಷರ ಇನ್ನೂ ಅಳಿಸಿಲ್ಲ. ಅಲ್ಲಿಂದ ತಲೆ ಎತ್ತಿದರೆ ನೀರಿನ ಆಚೆ ಈಗಿನ ಊರು ಪೂರ್ತಿ ಕಾಣುತ್ತದೆ.